ನೂರು ಎಣಿಸುವುದರೊಳಗೆ

ಶಿರಾ ಸೀಮೆಯ ಹಳ್ಳಿಗಳಲ್ಲಿ ರಾಗಿಮುದ್ದೆಗೆ ಮುದ್ದೆ ಅನ್ನುವುದು ಕಡಿಮೆ, ಹಿಟ್ಟು ಅನ್ನುತ್ತಾರೆ. ಹಿಟ್ಟು ಉಣ್ಣುವವರಲ್ಲಿ ಎರಡೇ ಬಗೆ. ಒಂದು, ಲೋಕದ ಜನ. ಇನ್ನೊಂದು, ಕರೇಬಂಡೆಯ ಸಣ್ಣರಂಗಯ್ಯ.

ಸಣ್ಣರಂಗಯ್ಯನ ವಿಷಯ ಹೇಳುವಾಗ ಕಡಿಮೆ ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆಂದು ಹೆದರಿ ಎಲ್ಲರೂ ತುಸು ಹೆಚ್ಚೇ ಹೇಳುತ್ತಾರೆ. ಒಂದು ಕಾಲದಲ್ಲಿ, ಬುಕ್ಕಾಪಟ್ಟಣದ ಕಡೆಯ ಒಂದು ಮದುವೆಯಲ್ಲಿ, ಅವನು ಒಂದೇ ಪಂಕ್ತಿಗೆ ಹನ್ನೊಂದು ಮುದ್ದೆ ಉಂಡ. ಇಷ್ಟು ನಿಜ. ಮಿಕ್ಕಿದ್ದು ಜನ ಸೇರಿಸಿದ್ದು: ಏಳನೆಯದಕ್ಕೆ ಹಿಟ್ಟಿನ ಕೋಲು ಮುರಿಯಿತು, ಒಂಬತ್ತನೆಯದಕ್ಕೆ ಅಡುಗೆಭಟ್ಟ ಬೇವಿನಮರ ಹತ್ತಿ ಕೂತ, ಹನ್ನೊಂದು ಮುಗಿಸಿ ಸಣ್ಣರಂಗಯ್ಯ ಕೆರೆಗೆ ಹೋಗಿ ನೀರು ಕುಡಿದಾಗ ಎರಡು ಮೆಟ್ಟಿಲು ನೀರು ಇಳಿದು ಮೀನುಗಳೆಲ್ಲ ಏರಿಯ ಮೇಲೆ ಬಂದು ನ್ಯಾಯ ಕೇಳಿದವು. ಬೀಗರು ಜಗಳ ತೆಗೆಯಬೇಕೆಂದಿದ್ದರಂತೆ. ಇವನು ಹೆಣ್ಣಿನ ಕಡೆಯವನೋ ಗಂಡಿನ ಕಡೆಯವನೋ ಇಬ್ಬರಿಗೂ ಗೊತ್ತಿರಲಿಲ್ಲವಾದ್ದರಿಂದ ಸುಮ್ಮನಾದರಂತೆ.

ಹನ್ನೊಂದು ಮುದ್ದೆ ಹೋದ ಜಾಗ ಯಾವುದು ಎಂದು ನೋಡಿದರೆ ಏನೂ ಕಾಣದು. ಆಳು ಜಾಲಿಮುಳ್ಳು. ಬಿಸಿಲಿಗೆ ನಿಂತರೆ ನೆರಳು ಬೀಳಲೋ ಬೇಡವೋ ಎಂದು ಯೋಚಿಸಬೇಕು. ಅಷ್ಟು ಹಗುರ ಇದ್ದುದರಿಂದಲೇ ಅವನಿಗೆ ಹುಣಸೇಮರ ಬಡಿಯುವ ಕೆಲಸ ಸಿಕ್ಕುತ್ತಿತ್ತು. ಬೇರೆಯವರು ಹೆಜ್ಜೆ ಇಡಲಾರದ ತುದಿಕೊಂಬೆಗೆ ಹೋಗಿ ಬಿದಿರಿನ ಗಳು ಬೀಸಿ ಹಣ್ಣು ಉದುರಿಸುತ್ತಿದ್ದ. ಹೆಗಲಿಗೆ ಒಂದು ಟವಲ್ಲು. ಅದರ ಒಂದು ತುದಿ ಯಾವಾಗಲೂ ಚೀಲದ ಹಾಗೆ ಗಂಟು. ಆ ಗಂಟಿನಲ್ಲಿ ಏನೂ ಇರುತ್ತಿರಲಿಲ್ಲ. ಸುಮ್ಮನೆ ಗಂಟು.

ಈ ಸಣ್ಣರಂಗಯ್ಯನ ಮಗಳು ಶರಣ್ಯಾ, ಕಳ್ಳಂಬೆಳ್ಳದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಹಾಜರಿ ಪುಸ್ತಕದಲ್ಲಿ ಅವಳದು ಇಪ್ಪತ್ತೇಳನೇ ನಂಬರು. ಆದರೆ ಇಡೀ ಶಾಲೆಗೆ ಅವಳು ಹನ್ನೊಂದು. "ಏ ಹನ್ನೊಂದು, ಪೆನ್ ಕೊಡೇ." "ಹನ್ನೊಂದು ಇವತ್ತೂ ಲೇಟು ಸಾರ್." ಬಿಸಿಯೂಟದ ಸಾಲಿನಲ್ಲಿ ಅವಳು ತಟ್ಟೆ ಹಿಡಿದರೆ ಹಿಂದಿನವರು ಬಾಯಿ ಬಡಿದುಕೊಳ್ಳುತ್ತಿದ್ದರು: "ಮುಗೀತು ಕಣ್ರಪ್ಪ, ನಮಗಿನ್ನು ಪಾತ್ರೆ ತಳಾನೇ ಗತಿ." ಶರಣ್ಯಾ ಒಂದು ಸೌಟು ಅನ್ನಕ್ಕಿಂತ ಹೆಚ್ಚು ಹಾಕಿಸಿಕೊಂಡವಳಲ್ಲ. ಹಸಿವಾದರೂ.

ಅವಳಿಗೆ ನಾಚಿಕೆಯಾಗಿದ್ದು ಅದಕ್ಕಲ್ಲ. ಅವಳ ಹತ್ತಿರ ಇನ್ನೂ ಕೆಟ್ಟ ಗುಟ್ಟೊಂದಿತ್ತು. ಅವಳಪ್ಪ ಹಿಟ್ಟನ್ನು ಅಗಿಯುತ್ತಿದ್ದ.

ಹೊರಗಿನವರಿಗೆ ಇದರ ಗಾಂಭೀರ್ಯ ತಿಳಿಯಲಿಕ್ಕಿಲ್ಲ. ಹಿಟ್ಟನ್ನು ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಹಿಟ್ಟು ಅಗಿಯುವವನಿಗೆ ಆ ಕಡೆ ಯಾರೂ ಹೆಣ್ಣು ಕೊಡುವುದಿಲ್ಲ. ಕೊಟ್ಟರೂ ಬೀಗರೂಟಕ್ಕೆ ಕರೆಯುವುದಿಲ್ಲ. ಅಂಥದ್ದರಲ್ಲಿ ಹನ್ನೊಂದು ಮುದ್ದೆಯ ವೀರ ಮನೆಯೊಳಗೆ ಒಂದೇ ಒಂದು ಮುದ್ದೆ ಹಾಕಿಸಿಕೊಂಡು, ಅದರ ಹಬೆ ಪೂರ್ತಿ ಹೋಗುವ ತನಕ ಗೋಡೆ ನೋಡುತ್ತ ಕೂತು, ಆರಿ ಕಲ್ಲಾದ ಮೇಲೆ ಮೂಲೆಗೆ ತಿರುಗಿ ಕರುವಿನ ಹಾಗೆ ಅಗಿಯುತ್ತಿದ್ದ. ಅರ್ಧ ಗಂಟೆ. ಅವ್ವ ಮಂಗಳಾ ಕೇಳಿದ್ದುಂಟು: "ಅದೇನು ಹಿಟ್ಟಾ ಎಲೆಅಡಿಕೆನಾ?" ಅವನು ಇನ್ನಷ್ಟು ಮೂಲೆಗೆ ತಿರುಗುತ್ತಿದ್ದ. ಶರಣ್ಯಾ ಹುಟ್ಟಿದ ಮೇಲೆ ಅವನು ಯಾವ ಪಂದ್ಯಕ್ಕೂ ಕೂತಿರಲಿಲ್ಲ.

ಆ ವರ್ಷ ಮಾರ್ಗಶಿರದಲ್ಲಿ ಕರಡಿ ಬಂತು.

ಕರೇಬಂಡೆಯಿಂದ ಹೈಸ್ಕೂಲಿಗೆ ಎರಡು ದಾರಿ. ಟಾರು ರಸ್ತೆಯಲ್ಲಿ ಹೋದರೆ ಏಳು ಕಿಲೋಮೀಟರು. ಬಂಡೆ ಹಿಂದಿನ ಕಾಲುದಾರಿಯಲ್ಲಿ ಹೋದರೆ ನಾಲ್ಕು. ಬಸ್ಸು ಬರುವುದು ಶಾಲೆಯ ಬೆಲ್ಲು ಹೊಡೆದು ಮುಕ್ಕಾಲು ಗಂಟೆಯಾದ ಮೇಲೆ. ಅದು ಸ್ಕೂಲು ಮಕ್ಕಳಿಗಲ್ಲ, ರಿಟೈರಾದವರಿಗೆ ಬಿಟ್ಟ ಬಸ್ಸು ಎಂದು ಊರಲ್ಲಿ ಹೇಳುತ್ತಿದ್ದರು. ಹಿಂದಿನ ವರ್ಷಗಳ ಹುಡುಗಿಯರಿಗೆಲ್ಲ ಸಿಕ್ಕಿದ್ದ ಸರ್ಕಾರಿ ಸೈಕಲ್ಲು ಇವಳ ಸರದಿಗೆ ಬಂದಿರಲಿಲ್ಲ. ಹೀಗಾಗಿ ಶರಣ್ಯಾ ದಿನವೂ ಕಾಲುದಾರಿ ಹಿಡಿಯುತ್ತಿದ್ದಳು. ಒಂದು ಬೆಳಿಗ್ಗೆ ಅದೇ ದಾರಿಯಲ್ಲಿ ಕರಡಿಯೊಂದು ಕುರಿ ಕಾಯುವವನ ಕೈ ಹರಿದು ಹಾಕಿತು.

ಅವ್ವ ಅವತ್ತೇ ತೀರ್ಪು ಕೊಟ್ಟಳು. "ಸಂಕ್ರಾಂತಿ ತನಕ ಹೋಗು. ಆಮೇಲೆ ಸ್ಕೂಲು ಸಾಕು. ನನ್ ಜತೆ ಹುಣಸೆಹಣ್ಣು ಕುಟ್ಟಾಕೆ ಕೂತ್ಕೋ."

"ಟಾರ್ ರೋಡಲ್ಲಿ ಹೋಗ್ತೀನವ್ವ."

"ಏಳು ಮೈಲಿ ನಡೀತೀಯಾ? ಅದೂ ಕತ್ಲಲ್ಲಿ ಎದ್ದು, ಒಬ್ಬಳೇ?"

"ಮೈಲಿ ಅಲ್ಲ, ಕಿಲೋಮೀಟ್ರು."

"ಯಾವ್ದಾದ್ರೇನು, ನಡಿಯೋ ಕಾಲು ಎರಡೇ ಅಲ್ವಾ."

ಶರಣ್ಯಾಳಿಗೆ ಬೇಕಿದ್ದುದು ಒಂದು ಸೈಕಲ್ಲು. ಸೈಕಲ್ಲಿದ್ದರೆ ಟಾರು ರಸ್ತೆ, ಟಾರು ರಸ್ತೆಯಿದ್ದರೆ ಸ್ಕೂಲು. ಇಲ್ಲದಿದ್ದರೆ ಮರದ ಸುತ್ತಿಗೆ ಹಿಡಿದು ಹುಣಸೆಬೀಜ ಬೇರೆ ಮಾಡುತ್ತ ಬೆರಳಿನ ಗೆರೆಗಳೆಲ್ಲ ಕಪ್ಪಗಾಗುವ ತನಕ ಜಗಲಿಯ ಮೇಲೆ ಕೂರಬೇಕು.

ಆ ವಾರವೇ ಕಳ್ಳಂಬೆಳ್ಳದ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. ಅದರಲ್ಲಿ ರಂಗೇಶನ ಮುಖ ಎಷ್ಟು ದೊಡ್ಡದಿತ್ತೆಂದರೆ ಎರಡು ಗುಬ್ಬಿಗಳು ಮೀಸೆಯ ಸಂದಿಯಲ್ಲಿ ಗೂಡು ಕಟ್ಟಲು ನೋಡಿ ಮೋಸಹೋದವು. ರಂಗೇಶನಿಗೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಿಟ್ಟು ಉಣ್ಣುವ ಸ್ಪರ್ಧೆ. ಮೊದಲ ಬಹುಮಾನ ಲೇಡೀಸ್ ಸೈಕಲ್ಲು, ಎರಡನೆಯದು ಕುಕ್ಕರು, ಮೂರನೆಯದು ಹೆಲ್ಮೆಟ್ಟು. ಸೈಕಲ್ಲನ್ನು ಅಂಗಡಿ ಮುಂದೆ ನಿಲ್ಲಿಸಿ ಹಾರ ಹಾಕಿದ್ದರು. ಕೆಂಪು ಬಣ್ಣ, ಮುಂದೆ ಬುಟ್ಟಿ, ಸೀಟಿಗೆ ಪ್ಲಾಸ್ಟಿಕ್ ಕವರು. ಶರಣ್ಯಾ ಯಾರೂ ನೋಡದಾಗ ಒಮ್ಮೆ ಬೆಲ್ಲು ಒತ್ತಿ ಓಡಿಬಂದಳು.

ಸಂಜೆ ಅಪ್ಪ ಗಳುವಿಗೆ ಹಗ್ಗ ಸುತ್ತುತ್ತಿದ್ದ.

"ಅಪ್ಪೋ, ಭಾನುವಾರ ಸೈಕಲ್ ಕೊಡ್ತಾರಂತೆ."

"ಯಾರ್ಗೆ?"

"ಜಾಸ್ತಿ ಹಿಟ್ಟು ಉಂಡೋರ್ಗೆ."

ಹಗ್ಗ ಸುತ್ತುವುದು ನಿಂತಿತು. "ಬ್ಯಾಡ ಕಣವ್ವ."

"ಹನ್ನೊಂದು ಉಂಡಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

"ಬಾಯಿ ಸುಡ್ತದೆ."

ಶರಣ್ಯಾಳಿಗೆ ನಗು ಬಂತು, ಆಮೇಲೆ ಸಿಟ್ಟು. "ನಿನ್ನಿಂದ ಊರೆಲ್ಲಾ ನನ್ನ ಹನ್ನೊಂದು ಹನ್ನೊಂದು ಅಂತಾರೆ. ಅಷ್ಟು ಆಡಿಸ್ಕೊಂಡಿದ್ದಕ್ಕಾದ್ರೂ ಒಂದು ಸೈಕಲ್ ಬ್ಯಾಡ್ವಾ?"

ಸಣ್ಣರಂಗಯ್ಯ ಮಗಳ ಮುಖ ನೋಡಿದ. ಅವಳಿಗೆ ಅಡ್ಡಹೆಸರಿದೆಯೆಂದು ಅವನಿಗೆ ಗೊತ್ತಿತ್ತು; ಹನ್ನೊಂದು ಎನ್ನುತ್ತಾರೆಂಬುದು ಗೊತ್ತಿರಲಿಲ್ಲ.

"ಯಾರು ಮಾಡ್ಸ್ತಿರೋದು?"

"ರಂಗೇಶಣ್ಣ. ಬೋರಪ್ಪನೋರ ಮಗ."

ಅವನು ಮತ್ತೆ ಹಗ್ಗ ಸುತ್ತತೊಡಗಿದ. ಪೂರ್ತಿ ಸುತ್ತಿ, ಬಿಚ್ಚಿ, ಇನ್ನೊಂದು ಸಲ ಸುತ್ತಿದ. "ಹೆಸ್ರು ಬರೆಸು ಬುಡು," ಅಂದ.

ಬೋರಪ್ಪನ ವಿಷಯ ಶರಣ್ಯಾಳಿಗೆ ತಿಳಿದಿದ್ದು ಇಷ್ಟೇ: ಅಪ್ಪ ಚಿಕ್ಕವನಿದ್ದಾಗ ಅವರ ಮನೆಯ ದನ ಕಾಯುತ್ತಿದ್ದ. ಅದಕ್ಕಿಂತ ಹೆಚ್ಚಿಗೆ ಅವನು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ.

ಭಾನುವಾರ ಬಂತು. ಅವ್ವ ಕೆಲಸ ಬಿಟ್ಟು ಬರಲಿಲ್ಲ. ಆದರೆ ಪಾವಗಡದ ಕಡೆ ವಳ್ಳೂರಿನಿಂದ ಅತ್ತೆ ಚಿಕ್ಕಹನುಮಕ್ಕ ಮೂರು ಬಸ್ಸು ಬದಲಿಸಿ ಬಂದಳು. ಅವಳು ಸಣ್ಣರಂಗಯ್ಯನ ತಂಗಿ, ಅವನಿಗಿಂತ ಮೂರು ವರ್ಷ ಚಿಕ್ಕವಳು. ಸೋಲಾರ್ ಪ್ಲೇಟುಗಳ ಧೂಳು ಒರೆಸುವುದು ಅವಳ ಕೆಲಸ. ದಿನಕ್ಕೆ ಅದೆಷ್ಟು ಒರೆಸುತ್ತಾಳೆಂದರೆ ಸೂರ್ಯ ಬೆಳಿಗ್ಗೆ ಎದ್ದು ತನ್ನ ಮುಖವನ್ನು ಅವಳ ಪ್ಲೇಟಿನಲ್ಲಿ ನೋಡಿಕೊಂಡು ತಲೆ ಬಾಚುತ್ತಾನೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಶಾಮಿಯಾನದ ಕೆಳಗೆ ಶರಣ್ಯಾಳ ಪಕ್ಕ ಕೂತು, ಸೆರಗಿನ ಗಂಟು ಬಿಚ್ಚಿ ಹುರಿದ ಕಡ್ಲೆಕಾಯಿ ಕೊಟ್ಟಳು.

"ಏಮ್ಮಾ, ನಿಮ್ಮಪ್ಪನ್ನ ನೀನೇನಾ ಒಪ್ಪಿಸಿದ್ದು?"

"ಹೂಂ ಅತ್ತೆ." ಶರಣ್ಯಾ ಹೆಮ್ಮೆಯಿಂದಲೇ ಹೇಳಿದಳು.

ಅತ್ತೆ ಒಂದು ಕಾಯಿ ಸುಲಿದು, ಬೀಜ ತಿನ್ನದೆ ಕೈಯಲ್ಲೇ ಇಟ್ಟುಕೊಂಡಳು.

ವೇದಿಕೆಯ ಮೇಲೆ ಎಂಟು ಎಲೆ. ಸಣ್ಣರಂಗಯ್ಯನದು ಕೊನೆಯದು. ಅವನ ಪಕ್ಕದಲ್ಲಿ ಕೊರಟಗೆರೆಯ ಲಾರಿ ಲೋಡರ್ ಭೀಮರಾಜು. ಅವನು ಕೂತಾಗ ವೇದಿಕೆಯ ಹಲಗೆ ತಾಯಿಯನ್ನು ಕರೆಯಿತು. ಹಿಂದೆ ಮೆತ್ತನೆಯ ಕುರ್ಚಿಯಲ್ಲಿ ಮುಖ್ಯ ಅತಿಥಿ ಬೋರಪ್ಪ, ಎಂಬತ್ತು ದಾಟಿದವರು, ಬಿಳಿ ಪಂಚೆ, ಮೊಣಕಾಲ ನಡುವೆ ಊರುಗೋಲು. ತೀರ್ಪುಗಾರ ಡ್ರಿಲ್ ಮೇಷ್ಟ್ರು ಮರುಳಸಿದ್ದಯ್ಯ, ಕೊರಳಲ್ಲಿ ಸೀಟಿ.

ರಂಗೇಶ ಮೈಕು ಹಿಡಿದು ನಿಯಮ ಹೇಳಿದ. "ಹದಿನೈದೇ ನಿಮಿಷ. ಅರ್ಧ ಉಂಡಿದ್ದು ಲೆಕ್ಕಕ್ಕಿಲ್ಲ. ವಾಂತಿ ಮಾಡ್ಕಂಡ್ರೆ ಔಟು. ಎಲೆ ಮೇಲಿನ ಹಿಟ್ಟು ಹೊಟ್ಟೆಗೆ ಬಿಟ್ಟು ಬೇರೆ ಎಲ್ಲೋದ್ರೂ ಔಟು. ಕಾಗೆ ಎತ್ಕಂಡೋದ್ರೂ ಔಟೇ."

ಸೀಟಿ ಊದಿದ ಕೂಡಲೇ ಕೊಪ್ಪರಿಗೆಯಿಂದ ಹಬೆಯಾಡುವ ಮುದ್ದೆ ಬಂದು ಎಲೆಗಳ ಮೇಲೆ ಕುಳಿತವು. ಜೊತೆಗೆ ಅವರೆಕಾಳಿನ ಸಾರು. ಏಳು ಜನ ಮುದ್ದೆಯನ್ನು ಮುರಿದು ಹರಡಿ ಊದತೊಡಗಿದರು. ಭೀಮರಾಜು ಎರಡೂ ಕೈಯಿಂದ ಗಾಳಿ ಹಾಕಿದ. ಸಣ್ಣರಂಗಯ್ಯ ಊದಲಿಲ್ಲ. ಬೆಂಕಿಯಂಥ ಹಿಟ್ಟಿಗೆ ಬೆರಳಿಟ್ಟು ಮುರಿದ, ಉರುಟು ಮಾಡಿದ, ನುಂಗಿದ. ಮುರಿದ, ನುಂಗಿದ. ಮಿಕ್ಕವರ ಮೊದಲನೆಯದು ಆರುವ ಹೊತ್ತಿಗೆ ಅವನ ಎರಡನೆಯದು ಮುಗಿದಿತ್ತು.

ಜನ ಎದ್ದು ನಿಂತರು. ನಾಲ್ಕು, ಐದು, ಆರು. ಆರನೆಯದಕ್ಕೆ ಒಬ್ಬ ಎದ್ದು ಓಡಿದ, ಇನ್ನಿಬ್ಬರು ಅಲ್ಲೇ ಒರಗಿಕೊಂಡರು. ಶರಣ್ಯಾಳ ಕ್ಲಾಸಿನ ಹುಡುಗರೆಲ್ಲ ಮುಂದೆಯೇ ಇದ್ದರು, ಅವರಲ್ಲೊಬ್ಬ ತಿರುಗಿ, "ಏ ಹನ್ನೊಂದು, ನಿಮ್ಮಪ್ಪನ ಗಂಟಲಿಗೆ ಟಾರು ಹಾಕ್ಸಿದೀರಾ?" ಅಂದ. ಅವತ್ತು ಮೊದಲ ಸಲ ಶರಣ್ಯಾಳಿಗೆ ಅದು ಬೈಗುಳವೆನಿಸಲಿಲ್ಲ. ಅವಳ ಕಣ್ಣು ಸೈಕಲ್ಲಿನ ಬುಟ್ಟಿಯ ಮೇಲಿತ್ತು. ಅದರಲ್ಲಿ ಬ್ಯಾಗು ಹಿಡಿಯುತ್ತದೆಯೇ ಇಲ್ಲವೇ ಎಂದು ಯೋಚಿಸುತ್ತಿದ್ದಳು. ಅಪ್ಪನ ಮುಖದ ಕಡೆ ನೋಡಿದ್ದರೆ ಅವನ ಕಣ್ಣಿಂದ ನೀರು ಇಳಿಯುತ್ತಿರುವುದು ಕಾಣುತ್ತಿತ್ತು.

ಎಂಟು ಮುಗಿದಾಗ ಇನ್ನು ಎರಡು ಚಿಲ್ಲರೆ ನಿಮಿಷವಿತ್ತು. ಭೀಮರಾಜು ಏಳನ್ನು ಮುಗಿಸಿ ಎಂಟಕ್ಕೆ ಕೈ ಹಾಕಿದ್ದ. ಆಗ ಬೋರಪ್ಪ ಕೈ ಚಾಚಿ ಮಗನಿಂದ ಮೈಕು ಇಸಕೊಂಡರು.

"ಎಣಿಸ್ಲೇನ್ಲಾ ಸಣ್ಣ?"

ಸಣ್ಣರಂಗಯ್ಯನ ಕೈ ಎಲೆಯ ಮೇಲೆ ನಿಂತಿತು.

"ಹಳೇ ಲೆಕ್ಕ ಕಣ್ಲಾ. ಮರೆತಿಲ್ಲ ತಾನೇ?" ಬೋರಪ್ಪ ಊರುಗೋಲಿನಿಂದ ಹಲಗೆ ಕುಟ್ಟಿದರು. "ಒಂದು. ಎರಡು. ಮೂರು."

ಜನಕ್ಕೆ ಅದು ಹುರಿದುಂಬಿಸುವ ಕೂಗಾಗಿ ಕೇಳಿಸಿತು. ಐದಕ್ಕೆ ಹುಡುಗರು ಸೇರಿಕೊಂಡರು, ಹತ್ತಕ್ಕೆ ಇಡೀ ಶಾಮಿಯಾನ ಸೇರಿಕೊಂಡಿತು. ಆ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಮಧುಗಿರಿ ಬೆಟ್ಟದ ತನಕ ಹಾರಿದವೆಂದು ಈಗಲೂ ಹೇಳುತ್ತಾರೆ. ಶರಣ್ಯಾಳೂ ಬೆಂಚಿನ ಮೇಲೆ ಹತ್ತಿ ನಿಂತು ಎಲ್ಲರಿಗಿಂತ ಜೋರಾಗಿ ಎಣಿಸಿದಳು. "ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೆಂಟು."

ಅತ್ತೆ ಅವಳ ಲಂಗ ಹಿಡಿದು ಜಗ್ಗಿದಳು. "ಎಣಿಸಬ್ಯಾಡ ಕಣಮ್ಮ."

"ಯಾಕತ್ತೆ? ಅಪ್ಪ ಗೆಲ್ತಾವ್ನೆ."

"ಎಣಿಸಬ್ಯಾಡ." ಅತ್ತೆಯ ದನಿ ಎಣಿಕೆಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು; ಶರಣ್ಯಾ ಬಗ್ಗಿ ಕಿವಿ ಕೊಡಬೇಕಾಯಿತು. "ಏಳು ವರ್ಸಕ್ಕೇ ಅವರ ಮನೇಲಿ ಜೀತಕ್ಕಿದ್ದ ನಿಮ್ಮಪ್ಪ. ದನ ಹೊಡಿಯೋ ಮುಂಚೆ ದಿನಕ್ಕೊಂದೇ ಹೊತ್ತು ಹಿಟ್ಟು. ಒಲೆಯಿಂದ ಇಳಿಸಿದ್ದು ಇಳಿಸಿದಂಗೆ ಇಕ್ಕೋರು. ಈ ಬೋರಪ್ಪ ಕಟ್ಟೆ ಮ್ಯಾಲೆ ಕೂತು ಎಣಿಸೋನು. ನೂರು ಅನ್ನೋದ್ರೊಳಗೆ ಉಂಡಷ್ಟು ಉಂಡ. ನೂರಾಯ್ತೋ, ಮಿಕ್ಕಿದ್ದು ಎಮ್ಮೆ ಕಲಗಚ್ಚಿನ ಬಾನಿಗೆ."

ಶರಣ್ಯಾ ವೇದಿಕೆಯ ಕಡೆ ತಿರುಗಿದಳು. ಈ ಸಲ ಸೈಕಲ್ಲನ್ನು ನೋಡಲಿಲ್ಲ. ಅಪ್ಪ ಉಣ್ಣುತ್ತಿರಲಿಲ್ಲ, ಉಣ್ಣುವುದಕ್ಕೆ ಬೇರೆ ರೂಪವಿದೆ. ಕೈ ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ, ಯಾರೋ ಹಗ್ಗ ಕಟ್ಟಿ ಎಳೆದಂತೆ ಹೋಗಿ ಬರುತ್ತಿತ್ತು. ಅವನ ಕುತ್ತಿಗೆ ಒಳಕ್ಕೆ ಎಳೆದುಕೊಂಡು, ಹೆಗಲು ಕಿವಿಗೆ ತಾಗುತ್ತಿತ್ತು. ಐವತ್ತು ದಾಟಿದ ಅಪ್ಪ ಅಲ್ಲಿ ಕಾಣಲಿಲ್ಲ.

"ಅಪ್ಪಾ, ಬುಡು," ಅಂದಳು. "ಅರವತ್ತಮೂರು" ಅಂದಿತು ಶಾಮಿಯಾನ. "ಅಪ್ಪಾ, ಸಾಕು." "ಅರವತ್ತನಾಲ್ಕು."

ಎಪ್ಪತ್ತಕ್ಕೆ ಒಂಬತ್ತನೆಯದು ಮುಗಿಯಿತು. ಹತ್ತನೆಯದು ಎಲೆಗೆ ಬಿತ್ತು. ಗೆಲ್ಲಲು ಅದು ಬೇಕಿರಲಿಲ್ಲ. ಭೀಮರಾಜು ಎಂಟರ ಮುಂದೆ ಕಣ್ಣು ಮೇಲೆ ಮಾಡಿ ಕೂತಿದ್ದ. ಸಣ್ಣರಂಗಯ್ಯ ಕೈ ಕಟ್ಟಿ ಕೂತಿದ್ದರೂ ಸೈಕಲ್ಲು ಅವನದೇ. ಆದರೆ ಬೋರಪ್ಪ ಎಣಿಸುತ್ತಲೇ ಇದ್ದರು. ತೊಂಬತ್ತಕ್ಕೆ ಬಂದಾಗ ದನಿ ನಿಧಾನವಾಯಿತು. ಬೆಕ್ಕು ಇಲಿಯ ಬಾಲದ ಮೇಲೆ ಕಾಲಿಟ್ಟ ಹಾಗೆ, ಒಂದೊಂದು ಅಂಕಿಗೂ ಬಿಡುವು ಕೊಟ್ಟು ಎಣಿಸಿದರು.

"ತೊಂಬತ್ತೊಂದು. ತೊಂಬತ್ತೆರಡು."

ಆಗ ಆಯಿತು. ಸಣ್ಣರಂಗಯ್ಯನ ಎಡಗೈ ಹೆಗಲಿನ ಟವಲ್ಲನ್ನು ಮಡಿಲಿಗೆ ಎಳೆದುಕೊಂಡಿತು. ಬಲಗೈ ಹತ್ತನೆಯ ಮುದ್ದೆಯನ್ನು, ಮುರಿಯದೆ, ಇಡಿಯಾಗಿ ಎತ್ತಿ ಟವಲ್ಲಿನ ಗಂಟಿನೊಳಗೆ ತುರುಕಿ, ಮಂಡಿಯ ಕೆಳಗೆ ಬಚ್ಚಿಟ್ಟಿತು. ಹಾವು ಬಿಲ ಸೇರಿದಷ್ಟು ಬೇಗ. ಆಮೇಲೆ ಅವನು ಖಾಲಿ ಎಲೆ ತೋರಿಸಿ, ತಲೆ ಬಗ್ಗಿಸಿ ಕೂತ.

ಸಾವಿರ ಜನರ ಎದುರಿಗೆ. ಹಾಡಹಗಲು. ವೇದಿಕೆಯ ಮೇಲೆ.

ಮರುಳಸಿದ್ದಯ್ಯ ಮೇಷ್ಟ್ರು ಸೀಟಿ ಊದಿದರು. ಟವಲ್ಲು ಎಳೆದು ಬಿಚ್ಚಿ ಮುದ್ದೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಆಮೇಲೆ ನಗು ಸಿಡಿಯಿತು. ಅಂಥ ನಗು ಆ ಸೀಮೆ ಕಂಡಿರಲಿಲ್ಲ; ಶಾಮಿಯಾನದ ಗೂಟಗಳು ಕಿತ್ತುಬಂದವು, ಚಹಾದ ಅಂಗಡಿಯ ಹಾಲು ಒಡೆಯಿತು.

"ಔಟು," ಅಂದ ರಂಗೇಶ, ಕಣ್ಣೊರೆಸಿಕೊಂಡು. "ಏನಣ್ಣೋ, ಗೆದ್ದು ಆಗಿತ್ತಲ್ಲ. ಪಾರ್ಸಲ್ ಬೇಕಿದ್ರೆ ಕೇಳಬಾರದಾ?"

ಸಣ್ಣರಂಗಯ್ಯ ತನ್ನ ಕೈಯನ್ನೇ ನೋಡುತ್ತಿದ್ದ, ಅದು ಬೇರೆ ಯಾರದೋ ಎಂಬಂತೆ.

ಶರಣ್ಯಾಳ ಪಕ್ಕದಲ್ಲಿ ಅತ್ತೆ ಎದ್ದು ನಿಂತಿದ್ದಳು. "ಅದು ನಂದು," ಅಂದಳು ಮೆಲ್ಲಗೆ.

"ಏನತ್ತೆ?"

"ಆ ಹಿಟ್ಟು. ಅವ್ವ ಸತ್ತೋಗಿದ್ಲು, ಅಯ್ಯ ಕೂಲಿಗೆ ಹೋಗೋನು. ಗುಡಿಸಲಲ್ಲಿ ನಾನೊಬ್ಬಳೇ. ನಾಲ್ಕು ವರ್ಸ ನಂಗೆ. ತೊಂಬತ್ತು ಆದ್ಮ್ಯಾಲೆ ಒಂದು ಚೂರು ಟವಲ್ಲಿಗೆ ಹಾಕ್ಕಂಡು, ದನ ಹೊಡ್ಕಂಡು ಬರ್ವಾಗ ನಮ್ಮ ಬಾಗಿಲಿಗೆ ಎಸೆದು ಹೋಗೋನು. ದಿನಾ." ಅವಳು ಸೆರಗಿನ ಕಡ್ಲೆಕಾಯಿ ಶರಣ್ಯಾಳ ಮಡಿಲಿಗೆ ಸುರಿದಳು. "ಎಣಿಕೆ ಕೇಳಿದ್ರೆ ಅವನ ಕೈ ಅವನ ಮಾತು ಕೇಳಲ್ಲ."

ಎಂದವಳೇ ಜನರ ನಡುವೆ ನುಗ್ಗಿ ವೇದಿಕೆ ಹತ್ತಿದಳು. ಮೇಷ್ಟ್ರ ಕೈಯಿಂದ ಮುದ್ದೆ ತೆಗೆದುಕೊಂಡಳು.

"ಓಹೋ, ಅಕ್ಕಾವ್ರೂ ಪಂದ್ಯಕ್ಕೆ ಬಂದ್ರು," ಅಂದ ರಂಗೇಶ. ಮತ್ತೆ ನಗು. "ನಿಧಾನ ಅಕ್ಕ, ಬಿಸಿ ಇದೆ."

"ನಲವತ್ತು ವರ್ಸದ ಮೇಲಾಯ್ತು ಕಣಪ್ಪ," ಅಂದಳು ಚಿಕ್ಕಹನುಮಕ್ಕ. "ಆರಿರ್ತದೆ ಬುಡು."

ಬೋರಪ್ಪನಿಗೆ ಆಗ ಹೊಳೆಯಿತು. ಅವರು ಒಮ್ಮೆ ಅಣ್ಣನನ್ನೂ ಒಮ್ಮೆ ತಂಗಿಯನ್ನೂ ನೋಡಿದರು. ಅವರ ಮುಖದಲ್ಲಿ ಏನಾದರೂ ಬದಲಾಗುತ್ತದೆಂದು ಶರಣ್ಯಾ ಕಾದಳು. ಬದಲಾಯಿತು. ಬೊಚ್ಚು ಬಾಯಿ ಅಗಲವಾಗಿ ತೆರೆಯಿತು.

"ಅಂಗೋ ವಿಸ್ಯ," ಎಂದು ಮೈಕಿನಲ್ಲಿ ಹೇಳಿದರು. "ಅದಕ್ಕೇ ನಮ್ಮೆಮ್ಮೆ ಬಡಕಲಾಗಿದ್ದು."

ಆ ದಿನದ ಅತಿ ದೊಡ್ಡ ನಗು ಅದಕ್ಕೇ ಬಂತು. ಸಣ್ಣರಂಗಯ್ಯ ಎದ್ದು, ಅಭ್ಯಾಸ ಬಲದಿಂದಲೋ ಏನೋ, ಬೋರಪ್ಪನಿಗೆ ಕೈಮುಗಿದು ಇಳಿದು ಬಂದ. ಕೆಂಪು ಸೈಕಲ್ಲು ಭೀಮರಾಜುವಿನದಾಯಿತು. ಅವನು ಅದನ್ನು ಹತ್ತುವ ಧೈರ್ಯ ಮಾಡಲಿಲ್ಲ. ಒಂದೇ ಕೈಯಲ್ಲಿ ಎತ್ತಿ ಹೆಗಲಿಗೇರಿಸಿಕೊಂಡು ಹೋದ. ಸಂಜೆಯೊಳಗೆ ಶಿರಾದಲ್ಲಿ ಮಾರಿದನಂತೆ. ಎಲೆ ತೆಗೆಯುವವರು ಸಣ್ಣರಂಗಯ್ಯನ ಟವಲ್ಲನ್ನು ಗುಡಿಸಿ ಎಸೆಯಲು ಹೋದಾಗ ಶರಣ್ಯಾ ಓಡಿಹೋಗಿ ತಂದಳು.

ಮೂವರೂ ಕೆರೆ ಏರಿಯ ಮೇಲೆ ನಡೆದರು. ಅಪ್ಪನ ತುಟಿ ಬೊಬ್ಬೆ ಎದ್ದು ಊದಿತ್ತು. ಬಾಯೊಳಗೆ ಹೇಗಿತ್ತೋ, ಅವನು ತೆರೆಯಲಿಲ್ಲ. ಅತ್ತೆ ಹಿಂದೆ ಬರುತ್ತ ಮುದ್ದೆಯನ್ನು ಚೂರು ಚೂರೇ ಮುರಿದು ತಿನ್ನುತ್ತಿದ್ದಳು, ಯಾರಿಗೋ ಕೊಟ್ಟ ಮಾತು ತೀರಿಸುವವಳ ಹಾಗೆ.

ಶರಣ್ಯಾ ಟವಲ್ಲನ್ನು ಕೈಗೆ ಸುತ್ತಿಕೊಂಡು ನಡೆದಳು. ಸೈಕಲ್ಲು ಹೋದದ್ದಕ್ಕೆ ಅಳು ಬರಬೇಕಿತ್ತು. ಬರಲಿಲ್ಲ.

"ಅಪ್ಪೋ, ನಾನೂ ಎಣಿಸ್ದೆ," ಅಂದಳು ಕೊನೆಗೆ. "ಇಪ್ಪತ್ತೆಂಟರ ತನಕ."

ಅವನು ನಡೆಯುತ್ತಲೇ ಇದ್ದ. ನಾಲ್ಕು ಹೆಜ್ಜೆ ಹೋದ ಮೇಲೆ, ಬಾಯಿ ಹೆಚ್ಚು 
ತೆರೆಯದೆ, ಊದಿದ ತುಟಿಯ ಸಂದಿಯಿಂದ ಹೇಳಿದ: "ಕೇಳಿಸ್ತು."

ಮತ್ತೆ ಇನ್ನೊಂದಿಷ್ಟು ದೂರ ಹೋಗಿ, "ನಿನ್ ದನಿ ಬ್ಯಾರೆ ಗೊತ್ತಾಗ್ತದೆ," ಅಂದ.

ಅವಳಿಗೆ ಅವನು ಬೈದಿದ್ದರೆ ಸುಖವಾಗಿರುತ್ತಿತ್ತು.

ಅವ್ವನಿಗೆ ಸುದ್ದಿ ಇವರಿಗಿಂತ ಮೊದಲೇ ಮುಟ್ಟಿತ್ತು. ಅವಳು ಮರದ ಸುತ್ತಿಗೆಯೊಂದನ್ನು ತಂದು ಶರಣ್ಯಾಳ ಎದುರಿಗಿಟ್ಟು, "ಸಂಕ್ರಾಂತಿ ತನಕ ಅಂದಿದ್ದೆ. ಇನ್ನ ಹದಿನಾರು ದಿನ ಯಾಕೆ ಕಾಯೋದು," ಅಂದಳು. ಶರಣ್ಯಾ ಸುತ್ತಿಗೆಯ ಹಿಡಿ ಮುಟ್ಟಿ ನೋಡಿದಳು. ಅದು ಅವ್ವನ ಕೈಯ ಆಕಾರಕ್ಕೆ ಸವೆದಿತ್ತು.

ಸೋಮವಾರ ಆರು ಗಂಟೆಗೆ ಯಾರೋ ಅವಳ ಕಾಲು ಅಲ್ಲಾಡಿಸಿದರು. ಅಪ್ಪ. ಮಾತಾಡಲು ಬಾಯಿಲ್ಲ. ಹೆಗಲಿಗೆ ಟವಲ್ಲು, ಕೈಯಲ್ಲಿ ಅವಳ ಸ್ಕೂಲ್ ಬ್ಯಾಗು. ಅವ್ವ ಒಲೆಯ ಮುಂದಿನಿಂದಲೇ, "ಏಳು ಮೈಲಿ ನೀನೂ ಹೋಗಿ ಬಂದು, ಆಮೇಲೆ ಮರ ಹತ್ತೋನಾ?" ಅಂದಳು. ಅವನು ಬಾಗಿಲಲ್ಲಿ ನಿಂತೇ ಇದ್ದ. ಅವನು ಹಾಗೆ ನಿಂತರೆ ಊರ ಮುಂದಿನ ಬಂಡೆಯಾದರೂ ಸರಿದೀತು, ಅವನು ಸರಿಯಲಾರ. ಅವ್ವ ಒಂದು ಡಬ್ಬಿಗೆ ಮುದ್ದೆ ಹಾಕಿ ಮುಚ್ಚಳ ಒತ್ತಿದಳು. "ಕಿಲೋಮೀಟ್ರು ಅಂತೆ," ಎಂದು ಒಲೆಗೆ ಹೇಳಿದಳು.

ಅವತ್ತು ಹೋದ. ಮರುದಿನವೂ ಹೋದ. ಬೆಳಿಗ್ಗೆ ಮಗಳ ಜೊತೆ ಏಳು ಕಿಲೋಮೀಟರು, ಅಲ್ಲಿಂದ ಒಬ್ಬನೇ ಏಳು, ಆಮೇಲೆ ಹುಣಸೇಮರ; ಸಂಜೆ ಮತ್ತೆ ಅಷ್ಟೇ. ಆ ವರ್ಷ ಅವನು ನಡೆದದ್ದನ್ನು ನೆಟ್ಟಗೆ ಮಾಡಿದರೆ ದಿಲ್ಲಿಗೆ ಹೋಗಿ ಬಂದು, ಮರೆತ ಟವಲ್ಲು ತರಲು ಇನ್ನೊಂದು ಸಲ ಹೋಗಬಹುದಿತ್ತು. ಮೂರು ಜೊತೆ ಚಪ್ಪಲಿ ಸವೆದವು. ಅವನ ದನಿ ಮಾತ್ರ ಪೂರ್ತಿ ತಿರುಗಿ ಬರಲಿಲ್ಲ. ಈಗಲೂ ಒಣಗಿದ ಹುಣಸೆಕಾಯಿ ಅಲ್ಲಾಡಿಸಿದ ಹಾಗೆ ಮಾತಾಡುತ್ತಾನೆ.

ಆ ಮೊದಲ ಸೋಮವಾರ ಶಾಲೆಯಲ್ಲಿ ಶರಣ್ಯಾಳಿಗೆ ಹೊಸ ಹೆಸರು ಕಾದಿತ್ತು. ಹನ್ನೊಂದು ಹೋಗಿ ಪಾರ್ಸಲ್ಲು ಆಗಿದ್ದಳು. ಮಧ್ಯಾಹ್ನ ಬೇವಿನಮರದ ಕೆಳಗೆ ಕೂತು ಅವಳು ಡಬ್ಬಿಯ ಮುಚ್ಚಳ ತೆಗೆದಳು. ಹುಡುಗರು ಸುತ್ತ ನಿಂತರು. ಒಬ್ಬ ಕೋಲಿನಿಂದ ನೆಲ ಕುಟ್ಟಿ, ಮುದುಕನ ದನಿ ಮಾಡಿ ಶುರು ಹಚ್ಚಿದ: "ಒಂದು. ಎರಡು. ಮೂರು."

ಎಲ್ಲರೂ ಸೇರಿಕೊಂಡರು.

ಶರಣ್ಯಾ ಹಿಟ್ಟಿನ ಒಂದು ಚೂರು ಮುರಿದು, ಬಾಯಿಗಿಟ್ಟು, ಅಗಿಯತೊಡಗಿದಳು.

ಎಣಿಕೆ ಒಂದು ಕ್ಷಣ ತಪ್ಪಿತು. "ಲೇ, ಇವಳು ಹಿಟ್ಟು ಅಗೀತಾವ್ಳೆ ಕಣ್ರೋ," ಎಂದು ಯಾರೋ ಹೇಸಿಕೊಂಡು ಕೂಗಿದರು. ಅವಳು ಅವರ ಮುಖವನ್ನೇ ನೋಡುತ್ತ ಅಗಿದಳು. ಎಡಗಡೆ ಅಗಿದು, ಬಲಗಡೆಗೆ ದಾಟಿಸಿ, ಅಲ್ಲೂ ಅಗಿದಳು. ನೂರು ಬಂತು. ಅವರು ಚಪ್ಪಾಳೆ ತಟ್ಟಿ ಕಾದರು. ಏನೂ ಆಗಲಿಲ್ಲ. ನೂರಾದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಎಮ್ಮೆ ಅಲ್ಲಿರಲಿಲ್ಲ. ನೂರಾ ಒಂದು ಅಂದರು. ಇನ್ನೂರಕ್ಕೆ ಇಬ್ಬರು ಕ್ರಿಕೆಟ್ಟಿಗೆ ಹೋದರು. ಮುನ್ನೂರಕ್ಕೆ ಕೋಲು ಹಿಡಿದವನೊಬ್ಬನೇ ಉಳಿದ. ಅವನ ಗಂಟಲು ಒಣಗಿತ್ತು, ನಿಲ್ಲಿಸಲು ಮರ್ಯಾದೆ ಅಡ್ಡ ಬರುತ್ತಿತ್ತು.

ಬೆಲ್ಲು ಹೊಡೆದಾಗ ಅವನು ನಾನೂರ ಹನ್ನೆರಡರಲ್ಲಿದ್ದ. ಶರಣ್ಯಾಳ ಡಬ್ಬಿಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.